ಮಕ್ಕಳೊಂದಿಗೆ ಕಷ್ಟದ ಮಾತು: ಮೊದಲು ಕೇಳಿ, ಆಮೇಲೆ ಹೇಳಿ

ಊರಿನಲ್ಲಿ ಜೋಡಿ ಗುಂಡು ಹಾರಿದರೆ ಯಾರದೋ ಮನೆಯಲ್ಲಿ ಸಾವಾಗಿದೆ ಎಂಬುದು ಕೊಡಗಿನ ಹಳ್ಳಿಯ ಆರು ವರ್ಷದ ಮಗುವಿಗೂ ಗೊತ್ತು. ದೊಡ್ಡವರು ಅಂಗಳಕ್ಕೆ ಬಂದು, ಸದ್ದು ಯಾವ ಕಡೆಯಿಂದ ಬಂತೆಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುವಾಗ ಅದು ಪಕ್ಕದಲ್ಲೇ ನಿಂತಿರುತ್ತದೆ. ಸ್ವಲ್ಪ ಹೊತ್ತಿಗೆ ಎಲ್ಲರೂ ಬಿಳಿ ಬಟ್ಟೆ ಉಟ್ಟು ಹೊರಡುತ್ತಾರೆ. ಮಗುವಿಗೆ ಮಾತ್ರ 'ನೀನು ಹೋಗಿ ಆಡಿಕೋ' ಎನ್ನುತ್ತಾರೆ.

ಕಷ್ಟದ ವಿಷಯಗಳನ್ನು ಮಕ್ಕಳಿಗೆ ಹೇಳುವುದು ಹೇಗೆ ಎಂದು ಕೇಳುವ ತಂದೆತಾಯಿಯರ ಮನಸ್ಸಿನಲ್ಲಿ, ಮಗುವಿಗೆ ಏನೂ ಗೊತ್ತಿಲ್ಲ, ನಾವೇ ಮೊದಲು ತಿಳಿಸುತ್ತಿದ್ದೇವೆ ಎಂಬ ಎಣಿಕೆ ಇರುತ್ತದೆ. ನಮ್ಮಲ್ಲಿ ಇದು ಬಹುಮಟ್ಟಿಗೆ ತಪ್ಪು. ಬೆಟ್ಟ ಕುಸಿದದ್ದು, ತೋಟದಲ್ಲಿ ಕಾಡಾನೆ ಕಾರ್ಮಿಕರೊಬ್ಬರನ್ನು ತುಳಿದದ್ದು, ಪಕ್ಕದ ಮನೆಯ ಅಣ್ಣ ಕುಡಿದು ಗಾಡಿ ಉರುಳಿಸಿದ್ದು, ಬ್ಯಾಂಕಿನಿಂದ ಕಾಗದ ಬಂದದ್ದು, ಎಲ್ಲವೂ ಮಗುವಿನ ಕಿವಿಗೆ ಅರ್ಧಂಬರ್ಧ ಬಿದ್ದಿರುತ್ತದೆ. ಉಳಿದರ್ಧವನ್ನು ಅದೇ ಕಟ್ಟಿಕೊಂಡಿರುತ್ತದೆ, ಮತ್ತು ಕಟ್ಟಿಕೊಂಡ ಭಾಗವೇ ಸಾಮಾನ್ಯವಾಗಿ ನಿಜಕ್ಕಿಂತ ಭಯಂಕರವಾಗಿರುತ್ತದೆ. ಅದಕ್ಕಾಗಿಯೇ ಮುಂದಿನ ಎಲ್ಲ ಹೆಜ್ಜೆಗಳಲ್ಲಿ ಕೇಳುವುದು ಮೊದಲು ಬರುತ್ತದೆ, ಹೇಳುವುದು ಆಮೇಲೆ.

ಮೊದಲು ದೊಡ್ಡವರೊಳಗೆ ಮಾತಾಗಲಿ

ಮಗುವನ್ನು ಕರೆಯುವ ಮುಂಚೆ ಮನೆಯ ದೊಡ್ಡವರು ತೀರ್ಮಾನಿಸಿಕೊಳ್ಳಬೇಕಾದದ್ದು ಎರಡು: ಏನನ್ನು ಹೇಳುತ್ತೇವೆ, ಯಾರು ಹೇಳುತ್ತೇವೆ. ಚಿಕ್ಕಪ್ಪನಿಗೆ ದೊಡ್ಡ ಕಾಯಿಲೆ ಬಂದು ಆಸ್ಪತ್ರೆ ಸೇರಿದ್ದಾರೆ ಎಂದುಕೊಳ್ಳಿ. ಅಪ್ಪ 'ಕೆಲಸದ ಮೇಲೆ ಮೈಸೂರಿಗೆ ಹೋಗಿದ್ದಾರೆ' ಎನ್ನುತ್ತಾರೆ. ಅಜ್ಜಿ ಹರಕೆಯ ಮಾತು ತೆಗೆಯುತ್ತಾರೆ. ದೊಡ್ಡ ಮಗಳು ಫೋನಿನಲ್ಲಿ ಕದ್ದು ಕೇಳಿದ್ದನ್ನು ತಮ್ಮನ ಕಿವಿಯಲ್ಲಿ ಊದುತ್ತಾಳೆ. ಹುಡುಗ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ, ಈ ಮನೆಯಲ್ಲಿ ಯಾರನ್ನೂ ಕೇಳಿ ಪ್ರಯೋಜನವಿಲ್ಲ ಎಂಬ ತೀರ್ಮಾನಕ್ಕೆ ಬರುತ್ತಾನೆ. ಅಜ್ಜ-ಅಜ್ಜಿಯರನ್ನೂ ಸೇರಿಸಿಕೊಂಡು ಎರಡು ಸಾಲಿನ ನಿಜವೊಂದನ್ನು ಒಪ್ಪಿಕೊಳ್ಳಿ. ಎಲ್ಲರೂ ಅದನ್ನೇ ಹೇಳಿ.

ಹೇಳುವವರು ಅಪ್ಪನೇ ಆಗಬೇಕು, ಅಮ್ಮನೇ ಆಗಬೇಕು ಎಂಬ ನಿಯಮವಿಲ್ಲ. ಮಗು ಈಗಾಗಲೇ ಯಾರ ಬಳಿ ಬಾಯಿ ಬಿಡುತ್ತದೋ ಅವರೇ ಸರಿ. ಎಷ್ಟೋ ಮನೆಗಳಲ್ಲಿ ಆ ಸ್ಥಾನ ಅತ್ತೆಯದೋ ಸೋದರಮಾವನದೋ ಆಗಿರುತ್ತದೆ. ಅದಕ್ಕೆ ಬೇಸರ ಪಡುವುದೇನೂ ಇಲ್ಲ, ಬಳಸಿಕೊಳ್ಳಿ. ಹೇಳುವಾಗ ನಿಮ್ಮ ಕಣ್ಣಲ್ಲಿ ನೀರು ಬಂದರೆ ಅಡ್ಡಿಯಿಲ್ಲ. ಸಿಟ್ಟು ಕುದಿಯುತ್ತಿದ್ದರೆ ಮಾತ್ರ ಒಂದು ದಿನ ತಡೆಯಿರಿ. ಅದಕ್ಕಿಂತ ಹೆಚ್ಚು ತಡೆದರೆ ಸುದ್ದಿ ಶಾಲೆಯ ಬಸ್ಸಿನಲ್ಲಿ ನಿಮಗಿಂತ ಮೊದಲೇ ತಲುಪುತ್ತದೆ.

ಎಲ್ಲಿ, ಯಾವಾಗ

'ಬಾ, ಕೂತುಕೋ, ನಿನ್ನ ಹತ್ತಿರ ಮಾತನಾಡಬೇಕು' ಎಂದರೆ ಹದಿಮೂರು ವರ್ಷದ ಹುಡುಗನಿಗೆ ಅದು ವಿಚಾರಣೆಯಂತೆ ಕೇಳಿಸುತ್ತದೆ. ಎದುರುಬದುರು ಕೂರುವುದಕ್ಕಿಂತ ಪಕ್ಕಪಕ್ಕ ಇದ್ದು, ಕೈಗೆ ಏನಾದರೂ ಕೆಲಸ ಇರುವಾಗ ಮಕ್ಕಳ ಬಾಯಿ ಸಲೀಸಾಗಿ ತೆರೆಯುತ್ತದೆ. ಇಂಥ ಹೊತ್ತು ನಮ್ಮಲ್ಲಿ ಬೇಕಾದಷ್ಟಿದೆ. ಕಣದಲ್ಲಿ ಕಾಫಿ ಹರವುವಾಗ, ಕರಿಮೆಣಸು ಬಿಡಿಸುವಾಗ, ಮಡಿಕೇರಿಯಿಂದ ಕುಶಾಲನಗರಕ್ಕೆ ಇಳಿಯುವ ರಸ್ತೆಯಲ್ಲಿ ಗಾಡಿ ಓಡಿಸುವಾಗ. ಜುಲೈ ತಿಂಗಳಲ್ಲಿ ಮರ ಬಿದ್ದು ಎರಡು-ಮೂರು ದಿನ ವಿದ್ಯುತ್ ಇಲ್ಲದೆ, ಮೊಬೈಲೂ ಸತ್ತು, ಇಡೀ ಮನೆ ಅಡುಗೆಮನೆಯ ಒಲೆಯ ಸುತ್ತ ಸೇರುತ್ತದಲ್ಲ, ಅದು ವರ್ಷದಲ್ಲೇ ಅತ್ಯುತ್ತಮ ಸಮಯ. ವಿದ್ಯುತ್ ಇಲಾಖೆಯನ್ನು ಬೈಯುವುದನ್ನು ಸ್ವಲ್ಪ ಹೊತ್ತು ನಿಲ್ಲಿಸಿದರಾಯಿತು.

ಹಾಸ್ಟೆಲಿನಲ್ಲಿರುವ ಮಕ್ಕಳ ವಿಷಯ ಬೇರೆ. ಭಾನುವಾರದ ಹತ್ತು ನಿಮಿಷದ ಫೋನಿನಲ್ಲಿ, ಹಿಂದೆ ಸಾಲುಗಟ್ಟಿದ ಹುಡುಗರ ಮುಂದೆ, ದೊಡ್ಡ ವಿಷಯ ಎತ್ತಬೇಡಿ. ಹುತ್ತರಿಗೋ ದಸರೆಗೋ ಮನೆಗೆ ಬಂದಾಗ, ಬಂದ ಎರಡನೇ ದಿನ ಹೇಳಿ. ಹೊರಡುವ ಹಿಂದಿನ ರಾತ್ರಿ ಹೇಳಿದರೆ ಮಗು ಆ ಭಾರವನ್ನು ಒಬ್ಬಂಟಿಯಾಗಿ ಹೊತ್ತು ಹೋಗುತ್ತದೆ. ಸಾವಿನ ಸುದ್ದಿಯಾದರೆ ಕಾಯುವಂತಿಲ್ಲ. ವಾರ್ಡನ್ ಮೂಲಕ ತಿಳಿಸದೆ ಯಾರಾದರೂ ಹೋಗಿ ಕರೆತರುವುದು ಒಳ್ಳೆಯದು.

ಗೊತ್ತಿರುವುದೇನೆಂದು ಕೇಳಿ

ಇದೇ ಮುಖ್ಯ ಹೆಜ್ಜೆ, ಮತ್ತು ಎಲ್ಲರೂ ಹಾರಿಸುವ ಹೆಜ್ಜೆಯೂ ಇದೇ. 'ಇದರ ಬಗ್ಗೆ ನೀನು ಏನೇನು ಕೇಳಿದ್ದೀಯ?' ಎಂದು ಕೇಳಿ ಸುಮ್ಮನಾಗಿ. ಮಗು ಯೋಚಿಸುವ ಹೊತ್ತು ನಮಗೆ ಬಹಳ ಉದ್ದ ಅನ್ನಿಸುತ್ತದೆ. ಆ ಮೌನವನ್ನು ನಿಮ್ಮ ಮಾತಿನಿಂದ ತುಂಬಬೇಡಿ. ಅದು ಹೇಳಿದ್ದು ತಪ್ಪಾಗಿದ್ದರೂ ಕೊನೆಯವರೆಗೆ ಕೇಳಿ, ಆಮೇಲೆ ಆ ತಪ್ಪನ್ನಷ್ಟೇ ಸರಿಪಡಿಸಿ.

ಮೂರ್ನಾಡು ಕಡೆ ನನ್ನ ಗೆಳತಿಯೊಬ್ಬಳ ಮಗಳಿಗೆ ಒಂಬತ್ತು ವರ್ಷ. 2024ರ ಮಳೆಗಾಲದಲ್ಲಿ ಅವಳು ಶಾಲೆಯ ಚೀಲವನ್ನು ಹಾಸಿಗೆಯ ಮೇಲೆ, ತಲೆಯ ಪಕ್ಕದಲ್ಲೇ ಇಟ್ಟುಕೊಂಡು ಮಲಗಲು ಶುರು ಮಾಡಿದಳು. ಗೆಳತಿ ಬೈಯದೆ ಕೇಳಿದಳು: 'ಒಳಗೆ ಏನಿದೆ, ಮಗಳೇ?'

'ಚಪ್ಪಲಿ. ಟಾರ್ಚು. ಅಜ್ಜಿಯ ಬಿ.ಪಿ. ಮಾತ್ರೆ.'

'ಇದೆಲ್ಲ ಯಾಕೆ?'

'ರಾತ್ರಿ ಬರೆ ಜಾರಿದರೆ ಓಡಬೇಕಲ್ಲ. ಅಜ್ಜಿಗೆ ಓಡಲು ಬರುವುದಿಲ್ಲ. ಅದಕ್ಕೆ ಮಾತ್ರೆ.'

ಬರೆ ಎಂದರೆ ಕಡಿದ ಇಳಿಜಾರಿನ ಮಣ್ಣಿನ ಗೋಡೆ. ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ಬೆಟ್ಟ ಕುಸಿದಾಗಿನ ವಿಡಿಯೊಗಳನ್ನು ಅವಳು ಯಾರದೋ ಮೊಬೈಲಿನಲ್ಲಿ ನೋಡಿದ್ದಳು. ಮನೆಯವರೆಲ್ಲ ಅವಳಿಗೆ ಏನೂ ಗೊತ್ತಿಲ್ಲವೆಂದು ನಂಬಿದ್ದ ಎರಡು ವಾರ, ಆ ಹುಡುಗಿ ಮನೆಯ ಪರವಾಗಿ ವಿಪತ್ತು ನಿರ್ವಹಣೆ ಮಾಡುತ್ತಿದ್ದಳು.

ಮಳೆ, ಬರೆ, ಬೆಟ್ಟ

ಇದು ನಮ್ಮ ಜಿಲ್ಲೆಗೇ ಸೇರಿದ ವಿಷಯವಾದ್ದರಿಂದ ಸ್ವಲ್ಪ ನಿಂತು ಹೇಳುತ್ತೇನೆ. 2018ರ ಆಗಸ್ಟ್ ಮಧ್ಯದಲ್ಲಿ ಜೋಡುಪಾಲ, ಮದೆನಾಡು, ಮಕ್ಕಂದೂರು, ಮುಕ್ಕೋಡ್ಲು, ಕಾಲೂರು ಕಡೆ ಬೆಟ್ಟಗಳು ಜಾರಿದಾಗ ಒಂದನೇ ತರಗತಿಯಲ್ಲಿದ್ದ ಮಕ್ಕಳು ಹೈಸ್ಕೂಲಿನ ವಯಸ್ಸಿಗೆ ಬಂದಿದ್ದಾರೆ. ಮರುವರ್ಷ ತೋರ ಗ್ರಾಮದಲ್ಲಿ, ಅದರ ಮರುವರ್ಷ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟದಲ್ಲಿ ಕುಸಿತ. 2022ರ ಜೂನ್ ಕೊನೆಯಲ್ಲಿ ಚೆಂಬು, ಸಂಪಾಜೆ ಕಡೆ ಭೂಮಿಯೇ ನಡುಗಿತು. ಈ ಮಕ್ಕಳಿಗೆ ಜೋರು ಮಳೆಯ ಸದ್ದೆಂದರೆ ಬರೀ ಮಳೆಯ ಸದ್ದಲ್ಲ.

'ನಮ್ಮ ಬೆಟ್ಟವೂ ಜಾರುತ್ತದೆಯೇ?' ಎಂದು ಮಗು ಕೇಳಿದರೆ 'ಇಲ್ಲವೇ ಇಲ್ಲ, ಮಲಗು' ಎನ್ನಬೇಡಿ. ಹಾಗೆಂದು ನೀವು ಖಾತರಿ ಕೊಡಲಾರಿರಿ. ಅದು ಮಗುವಿಗೂ ಗೊತ್ತು. ಏಳು ವರ್ಷದೊಳಗಿನವರಿಗೆ ಎರಡು ವಾಕ್ಯ ಸಾಕು: 'ಬಹಳ ಮಳೆ ಬಂದರೆ ಕೆಲವು ಕಡೆ ಮಣ್ಣು ಜಾರುತ್ತದೆ. ಹಾಗೆ ಆಗುವ ಸೂಚನೆ ಕಂಡರೆ ನಾವು ಮುಂಚೆಯೇ ದೊಡ್ಡಮ್ಮನ ಮನೆಗೆ ಹೋಗುತ್ತೇವೆ.' ಎಂಟರಿಂದ ಹನ್ನೆರಡರವರಿಗೆ ಕಾರಣ ಬೇಕು. ದಿನಗಟ್ಟಲೆ ಬಿಡದೆ ಸುರಿದ ನೀರು ಮಣ್ಣಿನೊಳಗೆ ಇಳಿದು ಅದನ್ನು ಭಾರವಾಗಿಸಿ, ಹಿಡಿತ ಸಡಿಲಿಸುತ್ತದೆ. ರಸ್ತೆಗೋ ಮನೆಗೋ ಬುಡ ಕಡಿದ ಇಳಿಜಾರಿಗೆ ಅಪಾಯ ಹೆಚ್ಚು ಎಂದು ಮನೆಯ ಹಿಂದಿನ ಬರೆಯನ್ನೇ ತೋರಿಸಿ ಹೇಳಿ. ಸೂಚನೆಗಳನ್ನು ಒಟ್ಟಿಗೆ ನೋಡಲು ಕಲಿಸಿ: ಅಂಗಳದಲ್ಲೋ ತೋಟದಲ್ಲೋ ಹೊಸ ಬಿರುಕು, ನೆಟ್ಟಗಿದ್ದ ಮರ ಅಥವಾ ವಿದ್ಯುತ್ ಕಂಬ ವಾಲುವುದು, ಬಾಗಿಲು ಇದ್ದಕ್ಕಿದ್ದಂತೆ ಹಿಡಿಯುವುದು, ಹಿಂದೆ ಇಲ್ಲದ ಕಡೆ ಒರತೆ ಏಳುವುದು, ತೋಡಿನ ನೀರು ಏಕಾಏಕಿ ಕೆಸರಾಗುವುದು.

ಆಮೇಲೆ ಮಗುವಿಗೆ ಒಂದು ಕೆಲಸ ಕೊಡಿ. ಟಾರ್ಚಿನ ಬ್ಯಾಟರಿ ನೋಡಿಕೊಳ್ಳುವುದು ಅವಳ ಜವಾಬ್ದಾರಿ, ದಾಖಲೆಗಳ ಪ್ಲಾಸ್ಟಿಕ್ ಚೀಲ ಎಲ್ಲಿದೆ ಎಂದು ತಿಳಿದಿರುವುದು ಅಣ್ಣನದು, ನಾಯಿಯ ಸರಪಳಿ ಬಿಚ್ಚುವುದು ಅಪ್ಪನದು. ಹೆದರಿದ ಮಗುವಿಗೆ ಸಮಾಧಾನದ ಮಾತಿಗಿಂತ ಮಾಡಬೇಕಾದ ಕೆಲಸ ಹೆಚ್ಚು ಧೈರ್ಯ ಕೊಡುತ್ತದೆ. ಗೆಳತಿಯ ಮಗಳ ಚೀಲವನ್ನು ಅವರು ಖಾಲಿ ಮಾಡಿಸಲಿಲ್ಲ. ಅದಕ್ಕೆ ಕೊಡೆ ಸೇರಿಸಿ ಬಾಗಿಲ ಬಳಿ ಮೊಳೆ ಹೊಡೆದು ತೂಗುಹಾಕಿದರು. ಚೀಲ ಹಾಸಿಗೆಯಿಂದ ಇಳಿಯಿತು.

ಕಾಳಜಿ ಕೇಂದ್ರದಲ್ಲಿ ದಿನ ಕಳೆದ ಮಕ್ಕಳಿಗೆ, ಮನೆ ಕಳೆದುಕೊಂಡವರಿಗೆ, ಈ ಮಾತು ಒಂದು ಸಲಕ್ಕೆ ಮುಗಿಯುವುದಿಲ್ಲ. ಪ್ರತಿ ಜೂನ್ ತಿಂಗಳಲ್ಲೂ ನೀವಾಗಿಯೇ ಎತ್ತಿ. ಟಿ.ವಿ.ಯಲ್ಲಿ ಒಂದೇ ದೃಶ್ಯವನ್ನು ಗಂಟೆಗಟ್ಟಲೆ ತಿರುಗಿಸುವ ದಿನ ಚಿಕ್ಕವರ ಮುಂದೆ ಅದನ್ನು ಆರಿಸಿಬಿಡಿ. ಸಣ್ಣ ಮಗುವಿಗೆ ಪ್ರತಿ ಸಲವೂ ಅದು ಹೊಸ ಕುಸಿತ.

ಸಾವಿನ ಸುದ್ದಿ ಹೇಳುವಾಗ

'ಅಜ್ಜ ಸತ್ತುಹೋದರು' ಎಂದು ಹೇಳಿ. 'ಮಲಗಿದ್ದಾರೆ' ಎಂದರೆ ಮಗು ಮಲಗಲು ಹೆದರುತ್ತದೆ. 'ದೂರ ಹೋಗಿದ್ದಾರೆ' ಎಂದರೆ ತನಗೆ ಹೇಳದೆ ಯಾಕೆ ಹೋದರು ಎಂದು ಕೊರಗುತ್ತದೆ. 'ಅವರ ಹೃದಯ ನಿಂತಿತು. ಇನ್ನು ಉಸಿರಾಡುವುದಿಲ್ಲ, ಅವರಿಗೆ ನೋವೂ ಆಗುವುದಿಲ್ಲ, ವಾಪಸ್ಸು ಬರುವುದಿಲ್ಲ.' ಐದು ವರ್ಷದೊಳಗಿನ ಮಗು ಇದನ್ನು ಕೇಳಿ, ಆಡಿ ಬಂದು, 'ಅಜ್ಜ ನಾಳೆ ಬರುತ್ತಾರಾ?' ಎಂದು ಮತ್ತೆ ಕೇಳುತ್ತದೆ. ಅದು ಹಟವಲ್ಲ, ಸಾವು ಶಾಶ್ವತ ಎಂಬುದು ಆ ವಯಸ್ಸಿಗೆ ನಿಲುಕುವುದಿಲ್ಲ. ಅದೇ ಉತ್ತರವನ್ನು ಅದೇ ದನಿಯಲ್ಲಿ ಮತ್ತೆ ಹೇಳಬೇಕು. ಆರೇಳು ವರ್ಷದವರು ತಮ್ಮಿಂದಲೇ ಆಯಿತೆಂದು ಒಳಗೊಳಗೇ ನಂಬುವುದುಂಟು: 'ನಾನು ಅಜ್ಜನ ಮೇಲೆ ಸಿಟ್ಟು ಮಾಡಿಕೊಂಡಿದ್ದೆ, ಅದಕ್ಕೆ.' ಅವರು ಕೇಳದಿದ್ದರೂ 'ನೀನು ಮಾಡಿದ್ದರಿಂದ, ಅಂದದ್ದರಿಂದ ಇದು ಆಗಲಿಲ್ಲ' ಎಂದು ಒಮ್ಮೆ ಹೇಳಿಬಿಡಿ.

ಅಂತ್ಯಸಂಸ್ಕಾರಕ್ಕೆ ಕರೆದೊಯ್ಯಬೇಕೇ? ಅಲ್ಲಿ ಏನೇನು ಕಾಣುತ್ತದೆ ಎಂದು ಮುಂಚೆಯೇ ವಿವರಿಸಿ ಮಗುವನ್ನೇ ಕೇಳಿ. ಜನ ಅಳುತ್ತಾರೆ, ಅಜ್ಜನನ್ನು ಬಿಳಿ ಬಟ್ಟೆಯಲ್ಲಿ ಮಲಗಿಸಿರುತ್ತಾರೆ, ಮುಟ್ಟಿದರೆ ತಣ್ಣಗಿರುತ್ತಾರೆ, ಗುಂಡಿನ ಸದ್ದು ಇರುತ್ತದೆ. ಬರುತ್ತೇನೆ ಎಂದರೆ ಅದರ ಜೊತೆಗೇ ಇರಲು ಒಬ್ಬರನ್ನು ಗೊತ್ತು ಮಾಡಿ. ಸಾಕೆಂದಾಗ ಹೊರಗೆ ಕರೆತರುವುದು ಅವರ ಕೆಲಸ. ಬೇಡ ಎಂದರೆ ಬಲವಂತ ಬೇಡ. ತೀರಿಹೋದ ಹಿರಿಯರಿಗೆ ಎಡೆಯಿಡುವ, ಕೈಮಡದ (ಹಿರಿಯರ ಗುಡಿಯ) ಮುಂದೆ ದೀಪ ಹಚ್ಚುವ ಪದ್ಧತಿ ಇರುವ ಮನೆಗಳಿಗೆ ಒಂದು ಅನುಕೂಲವಿದೆ: ಸತ್ತವರ ಹೆಸರೆತ್ತಿ ಮಾತನಾಡಲು ಅಲ್ಲಿ ವರ್ಷಕ್ಕೊಂದು ದಿನ ಗೊತ್ತಿರುತ್ತದೆ. ಆ ದಿನ ಅಜ್ಜನ ಬಗ್ಗೆ ನಗು ಬರುವ ಕಥೆಗಳನ್ನೂ ಹೇಳಿ.

ಬದುಕು ಬೇಡ ಎಂಬ ಮಾತು

ಊರಿನಲ್ಲಿ ಯಾರಾದರೂ ಆತ್ಮಹತ್ಯೆ ಮಾಡಿಕೊಂಡರೆ ಹರೆಯದ ಮಕ್ಕಳಿಂದ ಮುಚ್ಚಿಡಲಾಗದು. ಹೇಗೆ ಮಾಡಿಕೊಂಡರು ಎಂಬ ವಿವರ ಬೇಡ. 'ಸಾಲ ಇತ್ತು, ಅದಕ್ಕೆ', 'ಫೇಲಾದ, ಅದಕ್ಕೆ' ಎಂದು ಒಂದೇ ಕಾರಣಕ್ಕೆ ಕಟ್ಟಬೇಡಿ. ಸಾಲ ಇರುವವರೆಲ್ಲ, ಫೇಲಾದವರೆಲ್ಲ ಅದನ್ನು ಕೇಳಿಸಿಕೊಳ್ಳುತ್ತಿರುತ್ತಾರೆ, ನಿಮ್ಮ ಮಗನೂ ಸೇರಿ. 'ಮನಸ್ಸಿನ ನೋವು ಬಹಳ ಹೆಚ್ಚಾಗಿ, ಬೇರೆ ದಾರಿ ಕಾಣದ ಸ್ಥಿತಿ ಬಂದಿತ್ತು. ಆ ನೋವಿಗೆ ಚಿಕಿತ್ಸೆ ಇದೆ. ಅವರಿಗೆ ಅದು ಸಿಗಲಿಲ್ಲ' ಎಂದರೆ ನಿಜಕ್ಕೆ ಹತ್ತಿರ.

ನಿಮ್ಮ ಮಗನೋ ಮಗಳೋ ತಿಂಗಳಿಂದ ಮಂಕಾಗಿದ್ದರೆ, ನಿದ್ದೆ ಕೆಟ್ಟಿದ್ದರೆ, ಇಷ್ಟದ ಹಾಕಿ ಸ್ಟಿಕ್ಕನ್ನು ಯಾರಿಗೋ ಕೊಟ್ಟುಬಿಟ್ಟಿದ್ದರೆ, 'ನಾನಿಲ್ಲದಿದ್ದರೆ ನಿಮಗೆ ಆರಾಮ' ಎಂಬಂಥ ಮಾತು ಬಂದರೆ, ನೇರವಾಗಿ ಕೇಳಿ: 'ಸಾಯಬೇಕು ಅನ್ನಿಸುತ್ತಿದೆಯಾ?' ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂಬ ಭಯ ಬಹಳ ಜನರಿಗಿದೆ. ಹಾಗಾಗುವುದಿಲ್ಲ; ಕೇಳಿಸಿಕೊಳ್ಳುವವರು ಸಿಕ್ಕರೆಂದು ಹೆಚ್ಚಿನವರಿಗೆ ಹಗುರವಾಗುತ್ತದೆ. 'ಹೌದು' ಎಂದರೆ ಉಪದೇಶ ಬೇಡ, 'ಅಮ್ಮನ ಗತಿ ಯೋಚಿಸಿದ್ದೀಯಾ' ಎಂಬ ಪ್ರಶ್ನೆಯೂ ಬೇಡ. ಒಂಟಿಯಾಗಿ ಬಿಡದೆ ಅಂದೇ ವೈದ್ಯರ ಬಳಿ ಕರೆದೊಯ್ಯಿರಿ.

ಇಲ್ಲಿ ಕೊಡಗಿನವರು ವಿಶೇಷವಾಗಿ ಗಮನಿಸಬೇಕಾದ ಮಾತೊಂದಿದೆ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ಕೈಲ್‌ಪೊಳ್ದ್ ದಿನ ಹೂವಿಟ್ಟು ಪೂಜೆ ಮಾಡುವ ಕೋವಿ ಉಳಿದ ದಿನ ಗೋಡೆಯ ಮೇಲೆ ನೇತಾಡುವುದು ಸಲ್ಲದು. ಕೋವಿ ಒಂದು ಕಡೆ ಬೀಗದೊಳಗೆ, ತೋಟೆ ಇನ್ನೊಂದು ಕಡೆ ಬೀಗದೊಳಗೆ, ಬೀಗದಕೈ ಮಕ್ಕಳಿಗೆ ಗೊತ್ತಿಲ್ಲದ ಜಾಗದಲ್ಲಿ. ತೋಟಕ್ಕೆ ತಂದ ಕೀಟನಾಶಕ, ಕಳೆನಾಶಕಕ್ಕೂ ಇದೇ ನಿಯಮ. ಹರೆಯದವರ ಈ ಯೋಚನೆ ಎಷ್ಟೋ ಸಲ ಕೆಲವೇ ನಿಮಿಷಗಳ ಉಬ್ಬರ. ಆ ಹೊತ್ತಿನಲ್ಲಿ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ. ಮಗ ಮಂಕಾಗಿರುವ ದಿನಗಳಲ್ಲಿ ಕೋವಿಯನ್ನು ನಂಬಿಕಸ್ಥ ನೆಂಟರ ಮನೆಯಲ್ಲಿಡುವುದು ಸಾಧ್ಯವೇ ಎಂದು ಪೊಲೀಸ್ ಠಾಣೆಯಲ್ಲಿ ಕೇಳಿಕೊಳ್ಳಿ, ಅಥವಾ ಠಾಣೆಯಲ್ಲೇ ಒಪ್ಪಿಸಿ. ಮನೆತನದ ಮರ್ಯಾದೆ ಅದರಿಂದ ಒಂದಿಷ್ಟೂ ಮುಕ್ಕಾಗದು.

ಎಸ್.ಎಸ್.ಎಲ್.ಸಿ., ಪಿ.ಯು. ಫಲಿತಾಂಶದ ಬಗ್ಗೆ ಫಲಿತಾಂಶದ ಹಿಂದಿನ ವಾರವೇ ಮಾತನಾಡಿ. ರಾಜ್ಯದಲ್ಲಿ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಯುತ್ತವೆ. ಒಂದರಲ್ಲಿ ಹೋದರೆ ಇನ್ನೊಂದು ಅವಕಾಶ ಉಳಿದಿದೆ ಎಂಬುದನ್ನು ಮಗು ನಿಮ್ಮ ಬಾಯಿಂದ, ನಿಮ್ಮ ಮುಖ ಶಾಂತವಾಗಿರುವಾಗಲೇ ಕೇಳಿರಬೇಕು.

ಮೈಯ ಮಾತು

ಇದಕ್ಕೆ ನಾಲಿಗೆ ಹೊರಳುವುದಿಲ್ಲ ಎನ್ನುವವರಿಗೆ ನನ್ನದೊಂದು ತಕರಾರು. ಕಕ್ಕಡ ಹದಿನೆಂಟರ ದಿನ, ಅಂದರೆ ಆಗಸ್ಟ್ ಮೊದಲ ವಾರದಲ್ಲಿ, ಆಟಿ ಸೊಪ್ಪಿನ ನೇರಳೆ ಬಣ್ಣದ ಪಾಯಸ ತಿನ್ನುತ್ತೇವೆ. ಮರುದಿನ ಬೆಳಿಗ್ಗೆ ಮೂತ್ರ ಕೆಂಪಾಗುತ್ತದೆ, ಮತ್ತು ಅಜ್ಜಿಯಿಂದ ಮೊಮ್ಮಗನವರೆಗೆ ಇಡೀ ಮನೆ 'ನಿನಗೆ ಬಣ್ಣ ಬಂತಾ?' ಎಂದು ನಾಚಿಕೆಯಿಲ್ಲದೆ ವಿಚಾರಿಸಿಕೊಳ್ಳುತ್ತದೆ. ಅಷ್ಟು ಸಲೀಸಾಗಿ ಮಾತನಾಡಬಲ್ಲವರಿಗೆ ಮುಟ್ಟಿನ ವಿಷಯ ಬಂದಾಗ ಮಾತ್ರ ಗಂಟಲು ಕಟ್ಟುವುದೇಕೆ? ಬೇಕಾದರೆ ಆ ಬೆಳಿಗ್ಗೆಯೇ ಶುರು ಮಾಡಿ.

ಮೂರು-ನಾಲ್ಕು ವರ್ಷದಲ್ಲೇ ಅಂಗಗಳಿಗೆ ಸರಿಯಾದ ಹೆಸರು ಕಲಿಸಿ. ಎಲ್ಲಿ ನೋವು, ಯಾರು ಎಲ್ಲಿ ಮುಟ್ಟಿದರು ಎಂದು ಹೇಳಲು ಮಗುವಿಗೆ ಹೆಸರು ಬೇಕೇ ಬೇಕು. ಹೆಣ್ಣುಮಕ್ಕಳಿಗೆ ಮುಟ್ಟಿನ ಬಗ್ಗೆ ಎಂಟು-ಒಂಬತ್ತರಲ್ಲಿ ಹೇಳಿ. ಆದಮೇಲೆ ಹೇಳುವುದಾದರೆ ಶಾಲೆಯ ಶೌಚಾಲಯದಲ್ಲಿ ರಕ್ತ ನೋಡಿ ಹೆದರಿದ ಮೇಲೆ ಹೇಳಿದಂತಾಗುತ್ತದೆ. ತಮ್ಮನಿಗೂ ಹೇಳಿ. ಪ್ಯಾಡನ್ನು ಕಾಗದದಲ್ಲಿ ಸುತ್ತಿ ಕಳ್ಳಸಾಗಣೆಯಂತೆ ತರುವ ಮನೆಯಲ್ಲಿ ಬೆಳೆದ ಹುಡುಗನೇ ತರಗತಿಯಲ್ಲಿ ನಗುವವನು.

ಮುಟ್ಟುವ ವಿಷಯದಲ್ಲಿ ಮಗುವಿಗೆ ಒಂದು ಗೆರೆ ಸ್ಪಷ್ಟವಾಗಿರಲಿ: ದೊಡ್ಡವರು ಯಾರೇ ಆಗಲಿ 'ಇದು ನಮ್ಮಿಬ್ಬರ ಗುಟ್ಟು, ಅಪ್ಪ ಅಮ್ಮನಿಗೆ ಹೇಳಬೇಡ' ಎಂದರೆ ಅದನ್ನು ಅಂದೇ ಅಪ್ಪ ಅಮ್ಮನಿಗೆ ಹೇಳಬೇಕು. ಅಪರಿಚಿತರ ಬಗ್ಗೆ ಎಚ್ಚರಿಸಿ ಕೈತೊಳೆದುಕೊಳ್ಳುವುದು ಸಾಲದು. ಇಂಥ ಕೃತ್ಯ ಎಸಗುವವರು ಹೆಚ್ಚಾಗಿ ಮಗುವಿಗೆ ಪರಿಚಿತರೇ. ಸಮಾಜ ಭವನದಲ್ಲಿ ಐನೂರು ಜನ ಸೇರಿದ ಮದುವೆಯಲ್ಲಿ ಹಿರಿಯರ ಕಾಲು ಮುಟ್ಟಿ ನಮಸ್ಕರಿಸುವುದನ್ನು ಕಲಿಸಿ, ಒಳ್ಳೆಯದು. ಆದರೆ ಮಗು ಹಿಂಜರಿದಾಗ 'ಮಾವನ ತೊಡೆಯ ಮೇಲೆ ಕೂತುಕೋ' ಎಂದು ತಳ್ಳಬೇಡಿ.

ಮಗು ಏನಾದರೂ ಹೇಳಿಕೊಂಡಿತು ಎಂದುಕೊಳ್ಳಿ. ನಿಮ್ಮ ಮೊದಲ ಮಾತು ಇದಾಗಿರಲಿ: 'ನೀನು ಹೇಳಿದ್ದು ಒಳ್ಳೆಯದಾಯಿತು. ನಾನು ನಂಬುತ್ತೇನೆ. ತಪ್ಪು ನಿನ್ನದಲ್ಲ.' 'ಯಾರಿಗೂ ಹೇಳುವುದಿಲ್ಲ' ಎಂಬ ಭಾಷೆ ಕೊಡಬೇಡಿ, ಏಕೆಂದರೆ ಹೇಳಬೇಕಾಗುತ್ತದೆ. ನೆಂಟರ ಮುಂದೆ ಅದೇ ಕಥೆಯನ್ನು ಮತ್ತೆ ಮತ್ತೆ ಹೇಳಿಸಬೇಡಿ. ಕುಟುಂಬದೊಳಗೆ ಪಂಚಾಯಿತಿ ಮಾಡಿ ಮುಚ್ಚಿಹಾಕುವ ಮಾತೂ ಬೇಡ: 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಹದಿನೆಂಟರ ಒಳಗಿನ ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯ ತಿಳಿದೂ ಪೊಲೀಸರಿಗೆ ತಿಳಿಸದಿರುವುದು ಅಪರಾಧ. ಮಗುವನ್ನು ಠಾಣೆಗೆ ಅಲೆಸಬೇಕಾದೀತು ಎಂಬ ಹೆದರಿಕೆಯಿಂದ ಹಲವರು ಹಿಂದೆ ಸರಿಯುತ್ತಾರೆ. ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಅದು ಬಯಸಿದ ಜಾಗದಲ್ಲಿ, ಸಾಧ್ಯವಾದ ಮಟ್ಟಿಗೆ ಮಹಿಳಾ ಅಧಿಕಾರಿ, ಸಮವಸ್ತ್ರವಿಲ್ಲದೆ ಪಡೆಯಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಪತ್ರಿಕೆಗಳು ಗುರುತು ಬಯಲು ಮಾಡುವಂತಿಲ್ಲ. ಗಂಡುಮಕ್ಕಳಿಗೂ ಇದೆಲ್ಲ ಅನ್ವಯ. ಅವರು ಹೇಳಿಕೊಳ್ಳುವುದು ಇನ್ನೂ ಕಷ್ಟ, ಅಷ್ಟೇ.

ಹದಿನಾರು-ಹದಿನೇಳರ ಪ್ರೇಮದ ಬಗ್ಗೆಯೂ ಈ ಕಾಯ್ದೆಯನ್ನು ಹೇಳಿಯೇ ಮಾತನಾಡಬೇಕು. ಹದಿನೆಂಟರ ಒಳಗಿನವರ ಒಪ್ಪಿಗೆಯನ್ನು ಕಾನೂನು ಒಪ್ಪಿಗೆ ಎಂದು ಎಣಿಸುವುದಿಲ್ಲ. ಇದನ್ನು ಬೆದರಿಕೆಯಾಗಿ ಬಳಸದೆ ಮಾಹಿತಿಯಾಗಿ ಕೊಡಿ. 'ನಮ್ಮ ಜನ ಅಲ್ಲ' ಎಂಬುದೇ ನಿಮ್ಮ ಮೊದಲ ವಾಕ್ಯವಾದರೆ ಆ ವಿಷಯದಲ್ಲಿ ಮುಂದೆ ನಿಮಗೆ ಯಾವ ಸುದ್ದಿಯೂ ಸಿಗುವುದಿಲ್ಲ.

ಗ್ಲಾಸು ಕೈಯಲ್ಲಿ ಹಿಡಿದು

ಕುಡಿತದ ಬಗ್ಗೆ ಬೇರೆ ಊರಿನ ಲೇಖನಗಳು ಹೇಳುವ ಸಲಹೆ ಇಲ್ಲಿ ನಡೆಯದು. ಮದುವೆ, ಹಬ್ಬ, ಕ್ಲಬ್ಬು, ಹಿರಿಯರಿಗಿಡುವ ಎಡೆಯಲ್ಲೂ ಮದ್ಯ ಇರುವ ಮನೆಗಳಿವೆ. 'ಕುಡಿತ ಮಹಾಪಾಪ' ಎಂದು ಅಂಥ ಮನೆಯಲ್ಲಿ ಹೇಳಿದರೆ ಹದಿನೈದರ ಹುಡುಗ ಒಳಗೇ ನಗುತ್ತಾನೆ. ಪಾಪಪುಣ್ಯ ಬಿಟ್ಟು ನಿಜ ಹೇಳಿ. ಮಿದುಳು ಬೆಳೆಯುವುದು ಇಪ್ಪತ್ತರ ನಡುವಿನವರೆಗೂ ಮುಗಿಯುವುದಿಲ್ಲ. ಎಳೆಯ ವಯಸ್ಸಿನಲ್ಲಿ ಶುರು ಮಾಡಿದವರು ಚಟಕ್ಕೆ ಬೀಳುವ ಸಾಧ್ಯತೆ ಹೆಚ್ಚು. ಕುಟುಂಬದಲ್ಲಿ ಚಟದವರಿದ್ದರೆ ಇನ್ನೂ ಹೆಚ್ಚು. ಆ ದೊಡ್ಡಪ್ಪನ ವಿಷಯವನ್ನು ಪಿಸುಗುಟ್ಟದೆ ಹೇಳಿ, ಅವರನ್ನು ಹೀಯಾಳಿಸದೆಯೂ ಹೇಳಿ.

ಆಮೇಲೆ ಒಂದು ಒಪ್ಪಂದ: 'ಕುಡಿದವರು ಓಡಿಸುವ ಗಾಡಿಗೆ ಹತ್ತಬೇಡ, ಅದು ನಾನೇ ಆಗಿದ್ದರೂ. ಎಷ್ಟು ಹೊತ್ತಿಗಾದರೂ ಫೋನ್ ಮಾಡು, ಬಂದು ಕರೆದುಕೊಂಡು ಹೋಗುತ್ತೇನೆ. ಆ ರಾತ್ರಿ ಬೈಗುಳ ಇಲ್ಲ.' ನಮ್ಮ ತಿರುವುಗಳು, ಮಂಜು, ರಸ್ತೆಗೆ ಅಡ್ಡ ನಿಲ್ಲುವ ಆನೆ ಇವೆಲ್ಲ ಗೊತ್ತಿರುವವರಿಗೆ ಈ ಒಪ್ಪಂದದ ಬೆಲೆ ಗೊತ್ತು. ಅವನು ನಿಜವಾಗಿ ಫೋನ್ ಮಾಡಿದ ದಿನ ನೀವು ಮಾತಿಗೆ ತಪ್ಪಿದರೆ ಎರಡನೇ ಫೋನ್ ಬರುವುದಿಲ್ಲ.

ಮನೆಯಲ್ಲಿ ಒಬ್ಬರು ಮಿತಿಮೀರಿ ಕುಡಿಯುತ್ತಿದ್ದರೆ ಇನ್ನೊಬ್ಬರು ಮಕ್ಕಳಿಗೆ ಹೇಳಬೇಕು: 'ಅಪ್ಪನಿಗೆ ಕುಡಿತದ ಕಾಯಿಲೆ ಇದೆ. ನಿನ್ನಿಂದ ಬಂದದ್ದಲ್ಲ, ನೀನು ನಿಲ್ಲಿಸಬೇಕಾದದ್ದೂ ಅಲ್ಲ. ಗಲಾಟೆ ಆದರೆ ಪಕ್ಕದ ಮನೆಗೆ ಹೋಗು.' ಗಾಂಜಾದ ಬಗ್ಗೆಯೂ ಇದೇ ಧಾಟಿ. ಜೊತೆಗೆ, ಸ್ನೇಹಿತನಿಗಾಗಿ ಪೊಟ್ಟಣ ಇಟ್ಟುಕೊಂಡರೂ ಕೇಸು ಇಟ್ಟುಕೊಂಡವನ ಮೇಲೆಯೇ ಎಂಬುದನ್ನು ತಿಳಿಸಿ.

ಮೊಬೈಲ್

ಚಿಕ್ಕದಾಗಿ ಹೇಳಿಬಿಡುತ್ತೇನೆ. ಅಶ್ಲೀಲ ವಿಡಿಯೊ ಮಗುವಿನ ಕಣ್ಣಿಗೆ ಬಿದ್ದೇ ಬೀಳುತ್ತದೆ ಎಂದು ಎಣಿಸಿ ಮುಂಚೆಯೇ ಮಾತನಾಡಿ: 'ಅದು ನಟನೆ, ನಿಜವಾದ ಸಂಬಂಧ ಹಾಗಿರುವುದಿಲ್ಲ.' ಯಾರಾದರೂ ಖಾಸಗಿ ಚಿತ್ರ ಇಟ್ಟುಕೊಂಡು ಬೆದರಿಸಿದರೆ ದುಡ್ಡು ಕೊಡಬಾರದು, ಸಂದೇಶಗಳನ್ನು ಅಳಿಸಬಾರದು, ನಿಮಗೆ ಹೇಳಬೇಕು. ಸೈಬರ್ ವಂಚನೆಗೆ ಸಹಾಯವಾಣಿ 1930. ಫೋನ್ ಕಿತ್ತುಕೊಳ್ಳುತ್ತಾರೆ ಎಂಬ ಭಯವೇ ಮಕ್ಕಳ ಬಾಯಿ ಮುಚ್ಚಿಸುವುದು; ಆದ್ದರಿಂದ 'ಹೇಳಿದರೆ ಫೋನ್ ಕಿತ್ತುಕೊಳ್ಳುವುದಿಲ್ಲ' ಎಂದು ಮೊದಲೇ ಹೇಳಿಡಿ. ಹದಿನೆಂಟರ ಒಳಗಿನವರ ಅಂಥ ಚಿತ್ರವನ್ನು ತಮಾಷೆಗೆ ಹಂಚಿದರೂ ಅಪರಾಧ ಎಂಬುದು ಹುಡುಗರ ಗುಂಪುಗಳಿಗೆ ತಿಳಿದಿರಲೇಬೇಕು.

ಉತ್ತರ ಗೊತ್ತಿಲ್ಲದಾಗ, ಮಗು ಮಾತನಾಡದಾಗ

'ನನಗೆ ಗೊತ್ತಿಲ್ಲ, ತಿಳಿದುಕೊಂಡು ನಾಳೆ ಹೇಳುತ್ತೇನೆ' ಎನ್ನಿ, ಮತ್ತು ನಾಳೆ ಹೇಳಿ. ಹರೆಯದವರು 'ಏನಿಲ್ಲ, ಬಿಡಿ' ಎಂದರೆ ಬಿಡಿ. 'ಸರಿ, ಭಾನುವಾರ ಇನ್ನೊಮ್ಮೆ ಕೇಳುತ್ತೇನೆ' ಎಂದು ಹೇಳಿ ಎದ್ದುಹೋಗಿ, ಭಾನುವಾರ ಕೇಳಿ. ಬಾಯಲ್ಲಿ ಹೇಳಲಾಗದ್ದನ್ನು ಕೆಲವರು ಸಂದೇಶದಲ್ಲಿ ಬರೆಯುತ್ತಾರೆ. ಪಕ್ಕದ ಕೋಣೆಯಿಂದಲೇ ಬಂದರೂ ನಗದೆ ಉತ್ತರಿಸಿ.

ಎರಡು ವಾರ ದಾಟಿಯೂ ನಿದ್ದೆ, ಊಟ ಸರಿಹೋಗದಿದ್ದರೆ, ಶಾಲೆಗೆ ಹೋಗಲು ಒಪ್ಪದಿದ್ದರೆ, ಕೈ ಕೊಯ್ದುಕೊಂಡ ಗುರುತು ಕಂಡರೆ ಮನೆಮಾತು ಸಾಲದು. ಮಡಿಕೇರಿಯ ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಸ್ನೇಹ ಕ್ಲಿನಿಕ್‌ಗಳಿವೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು, ದುಡ್ಡಿಲ್ಲ, ತಂದೆತಾಯಿಯರೂ ಮಾಡಬಹುದು. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಪರಿಗಣಿಸಿ, ಶಿಕ್ಷಿಸದೆ ಆರೈಕೆ ಕೊಡಬೇಕೆಂಬುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ನಿಲುವು. ಪೊಲೀಸ್ ಕೇಸಿನ ಹೆದರಿಕೆಯಿಂದ ಆಸ್ಪತ್ರೆ ತಪ್ಪಿಸಬೇಡಿ. ಮಕ್ಕಳ ಸಹಾಯವಾಣಿ 1098, ತುರ್ತಿಗೆ 112. ಈ ನಾಲ್ಕು ಸಂಖ್ಯೆಗಳನ್ನು, 1930 ಸೇರಿ, ಮೊಬೈಲಿನಲ್ಲಷ್ಟೇ ಇಡದೆ ಕ್ಯಾಲೆಂಡರಿನ ಪಕ್ಕದ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆಯಿರಿ. ಮನೆಯೊಳಗೆ ಸಿಗ್ನಲ್ ಸಿಗದವರು, ತೋಟದ ಯಾವ ತಿರುವಿನಲ್ಲಿ ನಿಂತರೆ ಸಿಗುತ್ತದೆ ಎಂಬುದನ್ನೂ ಅದರ ಕೆಳಗೇ ಬರೆದಿಡಿ.